ಆನ್‌ಲೈನ್ ಬೆಲೆಗೆ ಷೋರೂಮಿನ ಟಿವಿ: ನನ್ನ ಅನುಭವ

ಬೆಂಗಳೂರಿನ ಜಯನಗರದ ಷೋರೂಮೊಂದರಿಂದ 55 ಇಂಚಿನ ಟಿವಿಯನ್ನು ಆನ್‌ಲೈನ್ ಬೆಲೆಗೇ ತಂದಿದ್ದೇನೆ, ಅದೂ ಗೋಡೆಗೆ ಹಾಕುವ ಸ್ಟ್ಯಾಂಡ್ ಸಮೇತ. "ದೊಡ್ಡ ಅಂಗಡಿಯಲ್ಲಿ ಚೌಕಾಸಿ ನಡೆಯುವುದಿಲ್ಲ, ಕಂಪ್ಯೂಟರ್ ತೋರಿಸಿದ್ದೇ ಬೆಲೆ" ಎಂದು ನಮ್ಮ ಭಾವ ಕೊನೆಯವರೆಗೂ ವಾದಿಸುತ್ತಿದ್ದರು. ಈಗ ತಮ್ಮ ಫ್ರಿಜ್ ಖರೀದಿಗೂ ನನ್ನನ್ನೇ ಕರೆಯುತ್ತಿದ್ದಾರೆ. ಚೌಕಾಸಿ ಬಲ್ಲವರಿಗೆ ಮೊದಲಿನಿಂದ ಹೇಳಬೇಕಿಲ್ಲ; ಮಾತು ಎಲ್ಲಿ ಮುರಿದುಬೀಳುತ್ತದೆ ಎಂಬುದನ್ನು ಬರೆಯುತ್ತೇನೆ.

ಮೊದಲ ತೊಡಕು ಮಾಡೆಲ್ ನಂಬರಿನದು. ಎಷ್ಟೋ ಟಿವಿಗಳು ನೋಡಲು ಒಂದೇ, ಆದರೆ ಆನ್‌ಲೈನಿನಲ್ಲಿ ಮಾರುವುದಕ್ಕೂ ಅಂಗಡಿಗೆ ಬರುವುದಕ್ಕೂ ಕೊನೆಯ ಒಂದೆರಡು ಅಕ್ಷರ ಬೇರೆ. "ಇದು ಬೇರೆ ಮಾಡೆಲ್ ಸರ್" ಎಂದರೆ ಮಾತು ಅಲ್ಲಿಗೇ ಮುಗಿಯಿತು. ಹಲವು ಅಂಗಡಿಗಳಿಂದ ನಾನು ಬರಿಗೈಯಲ್ಲಿ ಮರಳಿದ್ದು ಇದರಿಂದಲೇ. ಆಮೇಲೆ ಎರಡೂ ಕಡೆ ಅಕ್ಷರವೂ ಬದಲಾಗದೆ ಮಾರುವ ಮಾಡೆಲ್‌ಗಳ ಪಟ್ಟಿ ಮಾಡಿಕೊಂಡೆ. ಆ ಪಟ್ಟಿ ನನ್ನ ಬಳಿಯೇ ಇರಲಿ.

2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನ, 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಆ ವಾರ ಇನ್ನೊಂದು ಅಂಗಡಿಗೆ ಹೋದರೆ ಹಳೆಯ ಬೆಲೆಚೀಟಿಯೇ ತೂಗುತ್ತಿತ್ತು. "ಹಳೇ ಸ್ಟಾಕ್" ಎಂದರು. ತೆರಿಗೆ ಬೀಳುವುದು ಮಾರಿದ ದಿನದ ದರದಂತೆ, ಸರಕು ಬಂದ ದಿನದಂತಲ್ಲ. ತೆರಿಗೆ ಸೇರಿ ಐವತ್ತು ಸಾವಿರವಿದ್ದ ಟಿವಿ ಸುಮಾರು 3,900 ರೂಪಾಯಿ ಇಳಿಯಲೇಬೇಕು. ಗ್ರಾಹಕ ಸಹಾಯವಾಣಿ 1915ರ ಹೆಸರೆತ್ತಿದ ಮೇಲೆ ಚೀಟಿ ಬದಲಾಯಿತು, ಆದರೆ ಅದರ ಜೊತೆಗೇ ಹಬ್ಬದ ರಿಯಾಯಿತಿ ಮಾಯವಾಯಿತು! ನಿಜವಾಗಿ ಇಳಿದದ್ದು ಏಳೆಂಟು ನೂರು. ಸಿಟ್ಟು ಬಂದು ಹೊರಟುಬಂದೆ.

ನಡುವೆ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲೂ ವಿಚಾರಿಸಿ ನೋಡಿದೆ. ಎರಡು ಸಾವಿರದಷ್ಟು ಕಡಿಮೆ ಹೇಳಿದರು, ಬಿಲ್ ಬೇಡವೆಂದರೆ ಇನ್ನೂ ಕಡಿಮೆ. ಬಿಲ್ಲಿಲ್ಲದ ಟಿವಿ ನನಗೆ ಬೇಡ. ಆದರೆ ಎಚ್‌ಡಿಎಂಐ ಕೇಬಲ್ಲನ್ನು ಮಾತ್ರ ಅಲ್ಲಿಯೇ ಕೊಳ್ಳಿ. ಷೋರೂಮಿನ ಅರ್ಧ ಬೆಲೆಗೂ ಕಡಿಮೆಗೆ ಸಿಕ್ಕಿತು.

ಕೆಲಸ ಆದದ್ದು ಜಯನಗರದ ಷೋರೂಮಿನಲ್ಲಿ, ತಿಂಗಳ ಕೊನೆಯ ವಾರ, ಜನವಿಲ್ಲದ ಬೆಳಗಿನ ಹೊತ್ತಿನಲ್ಲಿ. ಕಂಪನಿಯ ಟೀ ಶರ್ಟ್ ತೊಟ್ಟು ನಿಂತ ಹುಡುಗರ ಕೈಯಲ್ಲಿ ಬೆಲೆ ಇಳಿಸುವ ಅಧಿಕಾರವಿಲ್ಲ, ಅವರನ್ನು ಪೀಡಿಸಿ ಫಲವಿಲ್ಲ. ನೇರವಾಗಿ ಮ್ಯಾನೇಜರ್ ಬಳಿ ಹೋದೆ. ಆನ್‌ಲೈನಿನ ಬೆಲೆ, ಸಾಗಣೆ, ಸ್ಟ್ಯಾಂಡ್, ಹಳೆಯ ಟಿವಿಗೆ ಸಿಗುವ ಹಣ ಎಲ್ಲವನ್ನೂ ಸೇರಿಸಿ ಕಳೆದು ಒಂದೇ ಮೊತ್ತ ಬರೆದುಕೊಂಡಿದ್ದೆ. ಕಾರ್ಡಿನ ರಿಯಾಯಿತಿಯನ್ನು ಮೊದಲೇ ಬಿಟ್ಟಿದ್ದೆ, ಏಕೆಂದರೆ "ಅದು ಬ್ಯಾಂಕಿನದು, ನಮ್ಮದಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಬಡ್ಡಿರಹಿತ ಕಂತೂ ಬೇಡವೆಂದೆ. ಹೆಸರಿಗೆ ಬಡ್ಡಿಯಿಲ್ಲದಿದ್ದರೂ ಬ್ಯಾಂಕು ಒಳಗೊಳಗೆ ಲೆಕ್ಕ ಹಾಕುವ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ನಮ್ಮ ತಲೆಗೇ ಬರುತ್ತದೆ. "ಈ ಮೊತ್ತಕ್ಕೆ ಬಿಲ್ ಹಾಕಿದರೆ ಈಗಲೇ ಪೂರ್ತಿ ಕಟ್ಟುತ್ತೇನೆ" ಎಂದು ಸುಮ್ಮನೆ ಕುಳಿತೆ. ಅವರು ವಿಸ್ತರಿತ ವಾರಂಟಿ ತೋರಿಸಿದರು, ಬೇಡವೆಂದೆ. ಮೇಲಿನವರಿಗೆ ಫೋನ್ ಮಾಡಿದರು. ಆಗ ನಾನು ಹೇಳಿದ ಒಂದು ಮಾತು ಕೆಲಸ ಮಾಡಿತು. ಅದನ್ನು ಇಲ್ಲಿ ಬರೆಯುವುದಿಲ್ಲ, ಫ್ರಿಜ್‌ಗೂ ಬೇಕಾಗುತ್ತದೆ. ಐವತ್ತೆರಡು ಸಾವಿರದ ಆಸುಪಾಸಿನಲ್ಲಿದ್ದದ್ದು ನಲವತ್ತಾರೂವರೆ ಸಾವಿರಕ್ಕೆ ಬಂದು ನಿಂತಿತು.

ಬೆಲೆ ಇಳಿಸಿದ ಗ್ರಾಹಕನನ್ನು ಆಮೇಲೆ ಅಂಗಡಿಯವರು ಕಣ್ಣೆತ್ತಿ ನೋಡುವುದಿಲ್ಲ ಎಂಬ ಮಾತೂ ಸುಳ್ಳಾಯಿತು. ಕೆಲವೇ ದಿನಗಳಲ್ಲಿ ಪರದೆಯ ಮೇಲೆ ಉದ್ದಗೆರೆ ಮೂಡಿದಾಗ ಅದೇ ಮ್ಯಾನೇಜರ್ ತಾವೇ ಕಂಪನಿಗೆ ದೂರು ದಾಖಲಿಸಿದರು. ಮನೆಗೆ ಬಂದ ತಂತ್ರಜ್ಞರು ಮೊದಲು ಕೇಳಿದ್ದು ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇದೆಯೇ ಎಂದು. ಹಣ ಕಟ್ಟುವ ಮೊದಲೇ ಪಟ್ಟು ಹಿಡಿದು ಅದನ್ನು ಬರೆಸಿಕೊಂಡಿದ್ದೆ. ಪ್ಯಾನೆಲ್ ಬದಲಾಯಿತು, ಒಂದು ರೂಪಾಯಿಯೂ ತೆಗೆದುಕೊಳ್ಳಲಿಲ್ಲ.