ಬಳ್ಳಾರಿ ಜಾಲಿಯಿಂದ ಕಿಟಕಿ ಜಾಲರಿ: ಸಿಎನ್‌ಸಿ ರೌಟರ್ ಜೊತೆ ನನ್ನ ಅನುಭವ

ನನ್ನದು ಕೊಪ್ಪಳದಲ್ಲಿ ಒಂದು ಸಣ್ಣ ವರ್ಕ್‌ಶಾಪ್. ಮನೆಗಳ ನಕ್ಷೆ ಮಾಡುತ್ತೇನೆ, ಅದಕ್ಕೆ ಬೇಕಾದ ಮರದ ಭಾಗಗಳನ್ನು ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಯಂತ್ರವಾದ ಸಿಎನ್‌ಸಿ ರೌಟರ್‌ನಲ್ಲಿ ಕತ್ತರಿಸುತ್ತೇನೆ. ಇಂಥ ಮಷೀನ್ ಇರುವ ಕಡೆ ಹೆಚ್ಚಾಗಿ ಕಾಣುವುದು 8 ಅಡಿ, 4 ಅಡಿಯ ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ) ಮತ್ತು ಪ್ಲೈವುಡ್ ಹಾಳೆಗಳು. ಸಮತಟ್ಟಾಗಿರುತ್ತವೆ, ಗಂಟು ಇರುವುದಿಲ್ಲ, ಮಷೀನಿಗೆ ಸುಲಭ. ಆದರೆ ಎಂಡಿಎಫ್ ಅನ್ನು ಹಿಡಿದಿಡುವುದು ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ದಿನವಿಡೀ ಆ ಪುಡಿಯ ನಡುವೆ ನಿಲ್ಲುವವರು ನಾವೇ ಅಲ್ವಾ? ಎಂಡಿಎಫ್ ಬೇಕೇ ಬೇಕೆಂದಾಗ ನಾನು ಫಾರ್ಮಾಲ್ಡಿಹೈಡ್ ಕಡಿಮೆ ಬಿಡುವ, ಇ1 ಗುರುತು ಇರುವ ಹಾಳೆಯನ್ನೇ ಕೇಳುತ್ತೇನೆ. ಕಪಾಟು, ಚೌಕಟ್ಟಿಗೆ ಹೆಬ್ಬೇವಿನ ಪ್ಲೈ ಸಿಕ್ಕರೆ ಖುಷಿ. ಅದು ರೈತರು ಹೊಲದಲ್ಲಿ ಬೆಳೆದು ಕೆಲವೇ ವರ್ಷಗಳಲ್ಲಿ ಕಡಿಯುವ ಮರ, ಕಾಡಿನದಲ್ಲ.

ಆದರೆ ನಾನು ಬರೆಯಬೇಕೆಂದಿರುವುದು ಬಳ್ಳಾರಿ ಜಾಲಿಯ ಬಗ್ಗೆ.

ಈ ಗಿಡ ಅಮೆರಿಕ ಖಂಡದಿಂದ 19ನೇ ಶತಮಾನದಲ್ಲಿ ನಮ್ಮ ದೇಶಕ್ಕೆ ಬಂತು. ದನ, ಕುರಿ ಕಾಯಿ ತಿಂದು ಸಗಣಿ, ಹಿಕ್ಕೆಯಲ್ಲಿ ಬೀಜ ಹರಡುತ್ತವೆ. ಹೊಲದ ಬದು, ಹಳ್ಳದ ದಂಡೆ, ಕೆರೆ ಅಂಗಳ ಎಲ್ಲಾ ಇದರದೇ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ರೈತರು ಹೊಲ ಸ್ವಚ್ಛ ಮಾಡಿಸುತ್ತಾರೆ, ಕಟ್ಟಿಗೆ ಇದ್ದಿಲ ಭಟ್ಟಿಗೆ ಹೋಗುತ್ತದೆ. ಒಣ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಸುಟ್ಟರೆ ಅದು ಹೊಗೆಯಾಗಿ ಹೋಗುತ್ತದೆ, ಕಿಟಕಿಯಾದರೆ ಗೋಡೆಯಲ್ಲೇ ಉಳಿಯುತ್ತದೆ. ಟೆಕ್ಸಾಸ್‌ನಲ್ಲಿ ಇದರ ಹತ್ತಿರದ ಜಾತಿಯ ಮರದಿಂದ ನೆಲಹಾಸು, ಕುರ್ಚಿ, ಮೇಜು ಮಾಡುತ್ತಾರೆ. ನಮ್ಮಲ್ಲಿ ಮಾತ್ರ ಅದಕ್ಕೆ ಮರದ ಮರ್ಯಾದೆ ಇಲ್ಲ. ಮೊದಲ ಸಲ ದಿಮ್ಮಿ ತರಿಸಿದಾಗ ನಮ್ಮ ಹಿರಿಯ ಬಡಿಗೇರರು, "ಇದು ಒಲಿಗೆ ಹಾಕೋ ಕಟ್ಟಿಗಿರೀ ಸರ, ಕಿಟಕಿಗ್ಯಾಕ?" ಎಂದರು.

ಅವರ ಮಾತಿಗೆ ಕಾರಣ ಇತ್ತು. ಈ ಮರದ ಕಾಂಡ ನೆಟ್ಟಗಿರುವುದಿಲ್ಲ. ತೋಳಿನಷ್ಟು ಉದ್ದದ ನೇರ ತುಂಡು ಸಿಕ್ಕರೆ ಅದೇ ದೊಡ್ಡದು. ಬಾಗಿಲು, ತೊಲೆ ಇದರಿಂದ ಆಗುವುದಿಲ್ಲ. ಆದರೆ ಮರದ ಗುಣ ಬೇರೆ. ಒಣಗುವಾಗ ಕಡಿಮೆ ಕುಗ್ಗುತ್ತದೆ, ಕಾಂಡದ ಉಂಗುರದ ಗುಂಟ, ಉಂಗುರಕ್ಕೆ ಅಡ್ಡ ಎರಡೂ ದಿಕ್ಕಿನಲ್ಲಿ ಹೆಚ್ಚುಕಡಿಮೆ ಒಂದೇ ಸಮ ಕುಗ್ಗುತ್ತದೆ. ಹಾಗಾಗಿ ತಿರುಚುವುದು ಕಡಿಮೆ. ಬೇಸಿಗೆಯಲ್ಲಿ ಸುಡುವ, ಮಳೆಗಾಲದಲ್ಲಿ ತೇವ ಹಿಡಿಯುವ ನಮ್ಮ ಹವೆಗೆ ಇದಕ್ಕಿಂತ ಒಳ್ಳೆಯ ಗುಣ ಬೇಡ. ಗಿಡ್ಡ ತುಂಡು, ಗಟ್ಟಿ ಮರ, ಅಲುಗಾಡದ ಅಳತೆ. ಇದಕ್ಕೆ ಒಪ್ಪುವ ವಸ್ತು ಯಾವುದು ಎಂದು ಹುಡುಕಿದಾಗ ಸಿಕ್ಕಿದ್ದು ಪಡುವಣ ಕಿಟಕಿಗೆ ಹಾಕುವ ಜಾಲರಿ. ಮೊದಲು ನಕ್ಷೆ ಬರೆದು ಆಮೇಲೆ ಮರ ಹುಡುಕುವ ಪದ್ಧತಿಯನ್ನು ಇಲ್ಲಿ ತಿರುಗಿಸಿ ಹಾಕಬೇಕು. ಇರುವ ತುಂಡಿನ ಉದ್ದವೇ ನಕ್ಷೆಯನ್ನು ತೀರ್ಮಾನಿಸಲಿ.

ಪಡುವಣ ಬಿಸಿಲನ್ನು ಸಜ್ಜಾ ತಡೆಯುವುದಿಲ್ಲ. ಮಧ್ಯಾಹ್ನದ ಮೇಲೆ ಸೂರ್ಯ ಇಳಿದು ನೇರ ಒಳಗೆ ಬರುತ್ತಾನೆ. ಜಾಲರಿಯ ರಂಧ್ರದ ಎತ್ತರ, ಪಟ್ಟಿಯ ಆಳ ಇವೆರಡರ ಲೆಕ್ಕ ಸರಿ ಇದ್ದರೆ ತಡೆಯಬಹುದು. ಆಳ 30 ಮಿ.ಮೀ., ರಂಧ್ರದ ಎತ್ತರವೂ 30 ಮಿ.ಮೀ. ಇದ್ದರೆ 45 ಡಿಗ್ರಿಗಿಂತ ಮೇಲಿರುವ ಬಿಸಿಲು ಒಳಗೆ ಬರುವುದಿಲ್ಲ. ಎತ್ತರವನ್ನು 17 ಮಿ.ಮೀ.ಗೆ ಇಳಿಸಿದರೆ ಸುಮಾರು 30 ಡಿಗ್ರಿಗಿಂತ ಮೇಲಿರುವ ಬಿಸಿಲೆಲ್ಲಾ ನಿಲ್ಲುತ್ತದೆ. ಕೊಪ್ಪಳ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮಾರ್ಚ್‌ನಿಂದ ಮೇ ತನಕ ಇಲ್ಲಿ ನಾಲ್ಕು ಗಂಟೆ ದಾಟುವವರೆಗೆ ಸೂರ್ಯ ಆ 30 ಡಿಗ್ರಿಗಿಂತ ಮೇಲೇ ಇರುತ್ತಾನೆ. ಹಾಗಾಗಿ 17 ಮಿ.ಮೀ. ಇಟ್ಟೆ. ಗಾಳಿ ಆಡುತ್ತದೆ, ಬೆಳಕು ಬರುತ್ತದೆ, ಝಳ ಹೊರಗೇ ಉಳಿಯುತ್ತದೆ.

ಇನ್ನು ಮರ ಸಿದ್ಧ ಮಾಡುವುದು. ಮುಳ್ಳು ಚುಚ್ಚಿದರೆ ಕೀವಾಗುತ್ತದೆ, ದಪ್ಪ ಗ್ಲೌಸ್ ಇಲ್ಲದೆ ಕೊಂಬೆ ಮುಟ್ಟಬೇಡಿ. ಕಡಿದ ಕೂಡಲೇ ತೊಗಟೆ ಬಿಡಿಸಬೇಕು, ಇಲ್ಲದಿದ್ದರೆ ಕೊರೆಯುವ ಹುಳ ಒಳಗೆ ಸೇರುತ್ತದೆ. ಅಂಚಿನ ಹಳದಿ ಭಾಗ ಹುಳುವಿಗೆ ಪ್ರಿಯ. ನಡುವಿನ ಕಂದು ಚೇಗು ಬಾಳಿಕೆ ಬರುತ್ತದೆ, ಜಾಲರಿಗೆ ಅದನ್ನಷ್ಟೇ ತೆಗೆದುಕೊಳ್ಳುತ್ತೇನೆ. ತುಂಡುಗಳ ಎರಡೂ ತುದಿಗೆ ಮೇಣ ಬಳಿದು ನೆರಳಲ್ಲಿ ಒಟ್ಟುತ್ತೇವೆ, ನಡುವೆ ಗಾಳಿ ಆಡಲು ಚಕ್ಕೆ ಇಟ್ಟು. ನಮ್ಮ ಬೇಸಿಗೆಯೇ ಸಾಕು, ಬೇರೆ ಭಟ್ಟಿ ಬೇಕಿಲ್ಲ. ತೇವದ ಮೀಟರ್ 8ರಿಂದ 10 ಶೇಕಡಾ ತೋರಿಸುವ ತನಕ ಕಾಯಬೇಕು. ಅವಸರ ಮಾಡಿದರೆ ಮುಂದಿನ ಲೆಕ್ಕ ಎಲ್ಲಾ ತಪ್ಪುತ್ತದೆ. ಆಮೇಲೆ ರಂದ ಹೊಡೆದು 12 ಮಿ.ಮೀ. ದಪ್ಪ, 30 ಮಿ.ಮೀ. ಅಗಲದ ಪಟ್ಟಿ. ಈ ಅಗಲವೇ ಜಾಲರಿಯ ಆಳ.

ಈ ಮರ ಎಂಡಿಎಫ್ ತರಹ ಅಲ್ಲ, ನಿಧಾನಕ್ಕೆ ಓಡಿಸಿದರೆ ಕರಕಾಗುತ್ತದೆ. ಗಟ್ಟಿ ಮರ ಎಂದು ಹೆದರಿ ವೇಗ ಇಳಿಸಿದರೆ ಬಿಟ್ (ತಿರುಗುತ್ತಾ ಕತ್ತರಿಸುವ ಅಲಗಿನ ಕಡ್ಡಿ) ಕತ್ತರಿಸುವ ಬದಲು ಉಜ್ಜುತ್ತದೆ, ಬಿಸಿಯಾಗುತ್ತದೆ, ಅಂಚು ಕಪ್ಪಾಗುತ್ತದೆ. ನೋಡಬೇಕಾದದ್ದು ಬಿಟ್‌ನ ಒಂದೊಂದು ಅಲಗು ಒಂದು ಸುತ್ತಿನಲ್ಲಿ ಎಷ್ಟು ಮರ ತೆಗೆಯುತ್ತದೆ ಎಂಬುದನ್ನು. ನಾನು ಬಳಸುವುದು 6 ಮಿ.ಮೀ. ಕಾರ್ಬೈಡ್ ಬಿಟ್, ಎರಡು ಅಲಗು. ನಿಮಿಷಕ್ಕೆ 16,000 ಸುತ್ತು, ಅಲಗಿಗೆ 0.08 ಮಿ.ಮೀ. ಗುಣಿಸಿದರೆ ನಿಮಿಷಕ್ಕೆ 2,560 ಮಿ.ಮೀ. ಓಟ. ಒಂದು ಸಲಕ್ಕೆ 3 ಮಿ.ಮೀ. ಆಳ ಸಾಕು. ಹೊರಬರುವುದು ಚಕ್ಕೆಯಂತಿದ್ದರೆ ಸರಿ. ನುಣ್ಣಗೆ ಹಿಟ್ಟಿನಂತಿದ್ದರೆ ಸುತ್ತು ಇಳಿಸಿ ಅಥವಾ ಓಟ ಹೆಚ್ಚಿಸಿ, ಬಿಟ್ ಮೊಂಡಾಗಿದೆಯಾ ನೋಡಿ. ಪುಡಿ ಎಳೆಯುವ ಯಂತ್ರ, ಮುಖಕ್ಕೆ ಮಾಸ್ಕ್ ಎರಡೂ ಬೇಕು. ಅಂಟಿಲ್ಲದ ಮರದ ಪುಡಿಯೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಅಡ್ಡ, ಉದ್ದ ಪಟ್ಟಿಗಳು ಅರ್ಧರ್ಧ ಕಚ್ಚಿನಲ್ಲಿ ಕೂರುತ್ತವೆ, ಅಂದರೆ ಎರಡರಲ್ಲೂ ಅರ್ಧ ಅಗಲದಷ್ಟು ಕೊರೆದು ಒಂದರೊಳಗೊಂದು ಸೇರಿಸುವುದು. ಕಚ್ಚಿನ ಆಳ 15 ಮಿ.ಮೀ., ಅಗಲ ಪಟ್ಟಿಯ ದಪ್ಪಕ್ಕಿಂತ 0.2 ಮಿ.ಮೀ. ಜಾಸ್ತಿ. ಈ ದಪ್ಪವನ್ನು ನಕ್ಷೆಯಿಂದ ತೆಗೆದುಕೊಳ್ಳಬೇಡಿ, ವರ್ನಿಯರ್ ಹಿಡಿದು ಅಳೆಯಿರಿ. 18 ಮಿ.ಮೀ. ಎನ್ನುವ ಪ್ಲೈಯಲ್ಲೂ ಇದೇ ಮಾತು, ಅದು 18 ಇರುವುದು ಅಪರೂಪ. ಗುಂಡಗಿನ ಬಿಟ್ ಒಳಮೂಲೆಯನ್ನು ಚೌಕವಾಗಿ ಕತ್ತರಿಸಲಾರದು. ಅದಕ್ಕೆ ಮೂಲೆಯಲ್ಲಿ ಸ್ವಲ್ಪ ಹೊರಕ್ಕೆ ಕೊರೆಯುವ ಡಾಗ್‌ಬೋನ್ ಹಾಕುತ್ತೇನೆ. ಉದ್ದ ಪಟ್ಟಿ ಸಿಗದ ಸಮಸ್ಯೆಗೂ ಕಚ್ಚೇ ಉತ್ತರ. ಎರಡು ಗಿಡ್ಡ ಪಟ್ಟಿಗಳ ತುದಿ ಕಚ್ಚಿನೊಳಗೇ ಸೇರಬೇಕು, ಪಕ್ಕದ ಸಾಲಿನಲ್ಲಿ ಆ ಸೇರುವೆ ಬೇರೆ ಜಾಗಕ್ಕೆ ಬರಬೇಕು, ಇಟ್ಟಿಗೆ ಗೋಡೆಯಲ್ಲಿ ಮಾಡುವ ಹಾಗೆ. ಗ್ರಾಸ್‌ಹಾಪರ್ ಎಂಬ ನಕ್ಷೆಯ ತಂತ್ರಾಂಶದಲ್ಲಿ ಒಮ್ಮೆ ಲೆಕ್ಕ ಬರೆದಿಟ್ಟು, ಇರುವ ತುಂಡುಗಳ ಉದ್ದ ಕೊಟ್ಟರೆ ಯಾವುದು ಎಲ್ಲಿಗೆ ಎಂದು ಅದೇ ಹಂಚುತ್ತದೆ. ಕೈಯಲ್ಲಿ ಈ ಲೆಕ್ಕ ಹಾಕುತ್ತಾ ಕೂತರೆ ಕಟ್ಟಿಗೆ ಒಲೆಗೇ ಹೋಗುತ್ತದೆ. ಡಿಜಿಟಲ್ ಉಪಕರಣದ ನಿಜವಾದ ಬೆಲೆ ನನಗೆ ಕಂಡದ್ದು ಇಲ್ಲಿ. ಒಂದೇ ತರಹದ ಸಾವಿರ ತುಂಡು ಮಾಡುವುದಕ್ಕಿಂತ, ಒಂದರಂತೆ ಒಂದಿಲ್ಲದ ತುಂಡುಗಳನ್ನು ವ್ಯರ್ಥವಾಗದಂತೆ ಕೂಡಿಸುವುದು ದೊಡ್ಡ ಕೆಲಸ.

ಉಳಿದ ಪುಡಿ ಏನು ಮಾಡುವುದು? ಉತ್ತರ ನಮ್ಮ ಪಕ್ಕದ ಕಿನ್ನಾಳದಲ್ಲಿದೆ. ಅಲ್ಲಿಯ ಚಿತ್ರಗಾರರು ಗೊಂಬೆಗಳಿಗೆ ಮರದ ಪುಡಿ, ಸೆಣಬಿನ ಚೂರು, ಹುಣಸೆ ಬೀಜದ ಅಂಟು ಕೂಡಿಸಿದ ಕಿಟ್ಟ ಬಳಸುತ್ತಾರೆ. ಇಂದು ಪೇಟೆಯಲ್ಲಿ ಬಯೋಕಾಂಪೋಸಿಟ್ ಎಂದು ಮಾರುವುದು ಇದೇ ಜಾತಿಯದು, ಕಿನ್ನಾಳದವರು ತಲೆಮಾರುಗಳಿಂದ ಕೈಯಲ್ಲಿ ಮಾಡುತ್ತಿದ್ದಾರೆ. ನಾನು ರೌಟರ್‌ನಲ್ಲಿ ಅಚ್ಚು ಕೊರೆದು, ಮೇಣ ಬಳಿದು, ಜರಡಿ ಹಿಡಿದ ಪುಡಿಗೆ ಕುದಿಸಿದ ಹುಣಸೆ ಬೀಜದ ಗಂಜಿ, ಸ್ವಲ್ಪ ಬೋರಿಕ್ ಪುಡಿ ಸೇರಿಸಿ ಉಬ್ಬು ಚಿತ್ತಾರದ ಬಿಲ್ಲೆ ಒತ್ತುತ್ತೇನೆ. ಒಣಗುವಾಗ ಕುಗ್ಗುವುದರಿಂದ ಅಚ್ಚು ದೊಡ್ಡದಿರಬೇಕು. ಎಷ್ಟು ಎಂಬುದನ್ನು ನಿಮ್ಮ ಪುಡಿಯಲ್ಲೇ ಸಣ್ಣ ಬಿಲ್ಲೆ ಮಾಡಿ ಅಳೆಯಿರಿ. ಒಳಗೋಡೆಗೆ ಚೆನ್ನಾಗಿರುತ್ತದೆ, ನೀರು ಬೀಳುವ ಕಡೆ ಬೇಡ.

ಗಂಗಾವತಿ ಗಿರಣಿಗಳ ಭತ್ತದ ಹೊಟ್ಟು ಸೇರಿಸಬಹುದಲ್ಲ ಎಂದು ಕೇಳುತ್ತಾರೆ. ಸೇರಿಸಬಹುದು, ಆದರೆ ಹೊಟ್ಟಿನಲ್ಲಿ ಸಿಲಿಕಾ ಜಾಸ್ತಿ, ಆಮೇಲೆ ರೌಟರ್‌ನಲ್ಲಿ ಕತ್ತರಿಸಲು ಹೋದರೆ ಬಿಟ್ ಬೇಗ ಸವೆಯುತ್ತದೆ. ಮರದ ಪುಡಿ ಬೆರೆಸಿದ 3ಡಿ ಪ್ರಿಂಟರ್ ಎಳೆಯನ್ನು ಮಾದರಿಗಷ್ಟೇ ಇಟ್ಟುಕೊಂಡಿದ್ದೇನೆ. ಅದರಲ್ಲಿರುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ 60 ಡಿಗ್ರಿ ಸುಮಾರಿಗೆ ಮೆತ್ತಗಾಗುತ್ತದೆ, ನಮ್ಮ ಬಿಸಿಲಿಗೆ ಹೊರಗೆ ನಿಲ್ಲುವುದಿಲ್ಲ.

ಜಾಲರಿಗೆ ಕೊನೆಗೆ ಅಗಸೆ ಎಣ್ಣೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬೆಂಕಿ ಹತ್ತಿಕೊಳ್ಳುತ್ತದೆ, ಬಿಡಿಸಿ ಒಣಗಿಸಿ. ಚೌಕಟ್ಟನ್ನು ಗೋಡೆಗೆ ಸ್ಕ್ರೂನಲ್ಲಿ ಕೂರಿಸುತ್ತೇನೆ, ಗೆದ್ದಲು ನೋಡಲು ಬಿಚ್ಚುವಂತಿರಬೇಕು. ಪಟ್ಟಿಗಳಿಗೆ ಬಳಸುವುದು ನೀರು ತಡೆಯುವ ಬಿಳಿ ಅಂಟು, ಅದೂ ತುದಿ ಸೇರುವ ಕಡೆ ಮಾತ್ರ. ಪ್ರತಿ ಜಾಲರಿಯ ಕತ್ತರಿಸುವ ಫೈಲನ್ನು ಮನೆಯವರಿಗೇ ಕೊಟ್ಟುಬಿಡುತ್ತೇನೆ. ಮುಂದೆ ಒಂದು ಪಟ್ಟಿ ಮುರಿದರೆ ಅದೊಂದನ್ನೇ ಯಾವ ವರ್ಕ್‌ಶಾಪಿನಲ್ಲಾದರೂ ಕತ್ತರಿಸಿ ಹಾಕಿಸಬಹುದು.