ಕಂಪನಿ ರೇಡಿಯೋ ಬದಲಿಸದೆ ಕಾರಿಗೆ ಸ್ಯಾಟಲೈಟ್ ರೇಡಿಯೋ: ನನ್ನ ಅನುಭವ

ಅಮೆರಿಕದಲ್ಲಿ ಹಳೇ ಕಾರು ಓಡಿಸುವವರು ಸ್ಯಾಟಲೈಟ್ ರೇಡಿಯೋಗಾಗಿ (ಉಪಗ್ರಹದಿಂದ ಬರುವ, ಚಂದಾ ಕಟ್ಟಿ ಕೇಳುವ ರೇಡಿಯೋ) ಡ್ಯಾಶ್‌ಬೋರ್ಡಿನ ರೇಡಿಯೋ ಕಿತ್ತು ಹೊಸದು ಹಾಕಿಸಬೇಕಿಲ್ಲ. ನನ್ನ 2008ರ ಟೊಯೋಟಾ ಕ್ಯಾಮ್ರಿಯಲ್ಲಿ ಕಂಪನಿ ರೇಡಿಯೋ ಹಾಗೇ ಇದೆ. ಅದಕ್ಕೆ ಅಲ್ಲಿನ ಸ್ಯಾಟಲೈಟ್ ರೇಡಿಯೋ ಸೇವೆಯಾದ ಸಿರಿಯಸ್‌ಎಕ್ಸ್‌ಎಂನ ಡಾಕ್ ರೇಡಿಯೋ, ಅಂದರೆ ಡಾಕ್ ಎಂಬ ತೊಟ್ಟಿಲಿನಲ್ಲಿ ಕೂರುವ, ತನ್ನದೇ ಪರದೆ-ಗುಂಡಿಗಳಿರುವ ಪುಟ್ಟ ರಿಸೀವರ್ ಜೋಡಿಸಿದ್ದೇನೆ. (ಊರಿನಿಂದ ತಂದ ಹಳೇ ವರ್ಲ್ಡ್‌ಸ್ಪೇಸ್ ರಿಸೀವರ್ ಇಟ್ಟುಕೊಂಡಿದ್ದರೆ ಅದನ್ನು ಮರೆತುಬಿಡಿ. ಅದರ ತರಂಗಾಂತರವೇ ಬೇರೆ, ಭಾರತದಲ್ಲಿ ಆ ಸೇವೆ 2009ರ ಕೊನೆಗೆ ನಿಂತೂ ಹೋಯಿತು.)

ಮೊದಲು ನೋಡಬೇಕಾದದ್ದು, ಕಾರಿನ ರೇಡಿಯೋದೊಳಕ್ಕೆ ಆಡಿಯೋ ಯಾವ ದಾರಿಯಲ್ಲಿ ಹೋಗಬಲ್ಲದು ಎಂಬುದು. ಆಕ್ಸ್ ತೂತು (ಹೊರಗಿನ ಆಡಿಯೋ ಒಳಕ್ಕೆ ಕೊಡುವ ಜಾಗ) ಇದ್ದರೆ ಬೇರೆ ಯೋಚನೆಯೇ ಬೇಡ. ಎರಡೂ ತುದಿಗೆ 3.5 ಮಿ.ಮೀ. ಪಿನ್ ಇರುವ ಸ್ಟೀರಿಯೋ ಕೇಬಲ್ ಸಾಕು, ಡ್ಯಾಶ್ ಬಿಚ್ಚುವ ಕೆಲಸವೇ ಇಲ್ಲ. ನನ್ನದು ಹಾಗೇ ಆಯಿತು.

ರೇಡಿಯೋ ಮೇಲೆ 'ಸ್ಯಾಟ್' ಗುಂಡಿ ಇದ್ದೂ ಒತ್ತಿದರೆ ಏನೂ ಬಾರದಿದ್ದರೆ, ಹಿಂದೆ ಟ್ಯೂನರ್ (ಉಪಗ್ರಹದ ಸಿಗ್ನಲ್ ಹಿಡಿಯುವ ಡಬ್ಬಿ) ಬಹುಶಃ ಇಲ್ಲ ಎಂದರ್ಥ. ಅಲ್ಲಿಗೆ ಸಿರಿಯಸ್‌ಎಕ್ಸ್‌ಎಂನ ಎಸ್‌ಎಕ್ಸ್‌ವಿ300 ಟ್ಯೂನರನ್ನು ಆಯಾ ಕಾರಿಗೆಂದೇ ಮಾಡಿದ ಅಡಾಪ್ಟರ್ ಮೂಲಕ ಸೇರಿಸಬಹುದು. ಕಂಪನಿ ಟ್ಯೂನರೇ ಬಂತು ಎಂದು ರೇಡಿಯೋ ನಂಬುತ್ತದೆ, ಅದರ ಗುಂಡಿಗಳಿಂದಲೇ ಚಾನೆಲ್ ಬದಲಿಸಬಹುದು. ನೋಡಲು ಇದೇ ಚೆಂದ, ಆದರೆ ಖರ್ಚು ಹೆಚ್ಚು. ಅಡಾಪ್ಟರ್ ಬಿಟ್ಟು ಎಸ್‌ಎಕ್ಸ್‌ವಿ300 ಒಂದನ್ನೇ ಕೊಳ್ಳಬೇಡಿ; ಅದಕ್ಕೆ ಪರದೆಯೂ ಇಲ್ಲ, ಗುಂಡಿಯೂ ಇಲ್ಲ. ರೇಡಿಯೋ ಹೊರತೆಗೆಯುವ ಮುನ್ನ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಏರ್‌ಬ್ಯಾಗ್ ಇರುವುದರಿಂದ ಕಾರಿನ ಕೈಪಿಡಿ ಹೇಳುವಷ್ಟು ಹೊತ್ತು (ಟೊಯೋಟಾದಲ್ಲಿ ಕನಿಷ್ಠ 90 ಸೆಕೆಂಡು) ಸುಮ್ಮನಿರಿ. ಹೋಂಡಾ ಆದರೆ ಬ್ಯಾಟರಿ ಮತ್ತೆ ಸೇರಿಸಿದಾಗ ರೇಡಿಯೋ ಕೋಡ್ ಕೇಳುತ್ತದೆ, ಮೊದಲೇ ಹುಡುಕಿಟ್ಟುಕೊಳ್ಳಿ.

ಆಕ್ಸೂ ಇಲ್ಲ, ಸ್ಯಾಟೂ ಇಲ್ಲ ಎಂದಾದರೆ ಎಫ್‌ಎಂ ಡೈರೆಕ್ಟ್ ಅಡಾಪ್ಟರ್. ಕಾರಿನ ಆಂಟೆನಾ ಕೇಬಲ್ಲಿಗೂ ರೇಡಿಯೋಗೂ ನಡುವೆ ಕೂತು, ಡಾಕ್‌ನ ಆಡಿಯೋವನ್ನು ಒಂದು ಎಫ್‌ಎಂ ಸ್ಟೇಷನ್ನಿನಂತೆ ಒಳಕ್ಕೆ ಕೊಡುವ ಪುಟ್ಟ ಡಬ್ಬಿ ಇದು. ಸಿಗ್ನಲ್ ಗಾಳಿಗೆ ಹೋಗದೆ ತಂತಿಯಲ್ಲೇ ಸೇರುವುದರಿಂದ ಸ್ವಚ್ಛವಾಗಿರುತ್ತದೆ. ಫೋಕ್ಸ್‌ವ್ಯಾಗನ್, ಆಡಿಯ ಹಲವು ಕಾರುಗಳಲ್ಲಿ ಮಾತ್ರ ಜೋಕೆ: ಆಂಟೆನಾ ಬುಡದ ಆಂಪ್ಲಿಫೈಯರ್‌ಗೆ ಕರೆಂಟು ಅದೇ ಕೇಬಲ್ಲಿನಲ್ಲಿ ಹೋಗುತ್ತದೆ, ನಡುವೆ ಡಬ್ಬಿ ಬಂದರೆ ಮಾಮೂಲಿ ಎಫ್‌ಎಂ ಕೂಡ ಕ್ಷೀಣಿಸಬಹುದು. ತಂತಿಯಿಲ್ಲದ ಎಫ್‌ಎಂ ಟ್ರಾನ್ಸ್‌ಮಿಟರ್ ನನ್ನ ಲೆಕ್ಕದಲ್ಲಿ ಕೊನೇ ಆಯ್ಕೆ. ಕಾನೂನಿನ ಮಿತಿಯೇ 3 ಮೀಟರ್ ದೂರದಲ್ಲಿ ಮೀಟರಿಗೆ 250 ಮೈಕ್ರೋವೋಲ್ಟ್, ಅಂದರೆ ತೀರಾ ಕ್ಷೀಣ ಸಿಗ್ನಲ್. ಸ್ಟೇಷನ್ನುಗಳು ಕಿಕ್ಕಿರಿದ ನ್ಯೂಜೆರ್ಸಿಯಂಥ ಕಡೆ ಖಾಲಿ ಸ್ಟೇಷನ್ ಹುಡುಕುವುದರಲ್ಲೇ ದಾರಿ ಮುಗಿಯುತ್ತದೆ.

ಇನ್ನು ಆಂಟೆನಾ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಸಿಗ್ನಲ್ ಬರುವುದು 2320ರಿಂದ 2345 ಮೆಗಾಹರ್ಟ್ಸ್‌ನಲ್ಲಿ. ಮರದ ಎಲೆ, ಕಟ್ಟಡ, ಚಾವಣಿ ಮೇಲಿನ ಲಗೇಜ್ ಪೆಟ್ಟಿಗೆ ಎಲ್ಲವೂ ಅದಕ್ಕೆ ಅಡ್ಡ. ಅಯಸ್ಕಾಂತದ ಆಂಟೆನಾವನ್ನು ಕಾರಿನ ಚಾವಣಿಯ ಮೇಲೆ, ಅಂಚಿನಿಂದ ಕನಿಷ್ಠ 3 ಇಂಚು ಒಳಗೆ, ಸುತ್ತ ಒಂದಡಿ ಚೌಕದಷ್ಟಾದರೂ ಲೋಹದ ತಗಡು ಇರುವಂತೆ ಕೂರಿಸಬೇಕು. ಆ ತಗಡೇ ಅದರ ಗ್ರೌಂಡ್ ಪ್ಲೇನ್, ಅಂದರೆ ಸಿಗ್ನಲ್ ಹಿಡಿಯಲು ನೆರವಾಗುವ ಲೋಹದ ತಳ. ಡ್ಯಾಶ್ ಮೇಲೆ ಗಾಜಿನ ಒಳಗೆ ಇಟ್ಟರೆ ಆಕಾಶ ಅರ್ಧ ಮುಚ್ಚಿಹೋಗುತ್ತದೆ. ಗಾಜಿಗೆ ಲೋಹದ ಲೇಪನವಿದ್ದರೆ ಮುಗಿದೇ ಹೋಯಿತು.

ನಾನು ಚಾವಣಿಯ ಹಿಂಭಾಗದ ನಡುವೆ ಕೂರಿಸಿ, ಕೇಬಲ್ಲನ್ನು ಹಿಂಗಾಜಿನ ರಬ್ಬರ್ ಅಂಚಿನ ಕೆಳಗೆ ಒತ್ತುತ್ತಾ ಡಿಕ್ಕಿಯವರೆಗೆ ತಂದೆ. ಡಿಕ್ಕಿಯೊಳಕ್ಕೆ ತರುವಾಗ ರಬ್ಬರ್ ಸೀಲಿನ ಅತಿ ತಗ್ಗಿನ ಜಾಗದಲ್ಲೇ ನುಗ್ಗಿಸಬೇಕು. ಮೇಲ್ಗಡೆ ನುಗ್ಗಿಸಿದರೆ ಮಳೆನೀರು ಕೇಬಲ್ ಹಿಡಿದುಕೊಂಡು ಒಳಗಿಳಿದು ಸ್ಪೇರ್ ಟೈರಿನ ಗುಂಡಿ ತುಂಬುತ್ತದೆ. ಹಿಂಜ್ ಹತ್ತಿರವೂ ಬೇಡ, ಕತ್ತರಿಸಿಬಿಡುತ್ತದೆ. ಅಲ್ಲಿಂದ ಹಿಂದಿನ ಸೀಟಿನ ಕೆಳಗೆ, ಬಾಗಿಲ ಹೊಸ್ತಿಲ ಪ್ಲಾಸ್ಟಿಕ್ ಪಟ್ಟಿ ಎತ್ತಿ ಅದರಡಿ, ಮುಂದೆ ಕನ್ಸೋಲಿಗೆ. ಸೀಟಿನ ಕೆಳಗಿನ ಹಳದಿ ಕನೆಕ್ಟರುಗಳು ಏರ್‌ಬ್ಯಾಗಿನವು, ಅವನ್ನು ಎಳೆಯಬೇಡಿ. ಚಾವಣಿ ಹೊತ್ತ ಕಂಬದ ಒಳಗೆ ತಂತಿ ಹಾಯಿಸುವವರು ಕರ್ಟನ್ ಏರ್‌ಬ್ಯಾಗಿನ (ಕಿಟಕಿಯ ಮೇಲಿನಿಂದ ಪರದೆಯಂತೆ ಇಳಿಯುವುದು) ಹಿಂದೆ ಹಾಯಿಸಬೇಕೇ ಹೊರತು ಮುಂದೆ ಅಲ್ಲ.

ಮಿಕ್ಕ ಕೇಬಲ್ಲನ್ನು ಡಿಕ್ಕಿಯಲ್ಲಿ ಸಡಿಲವಾಗಿ ಸುತ್ತಿ ಕಟ್ಟಿ. ಕತ್ತರಿಸಬೇಡಿ, ಗಟ್ಟಿಯಾಗಿ ಮಡಚಬೇಡಿ. ಆಂಟೆನಾದೊಳಗಿನ ಆಂಪ್ಲಿಫೈಯರ್‌ಗೂ ಇದರಲ್ಲೇ ಕರೆಂಟು ಹೋಗುತ್ತದೆ. ಪರದೆಯಲ್ಲಿ 'ಚೆಕ್ ಆಂಟೆನಾ' ಬಂದರೆ ಕನೆಕ್ಟರ್ ಸಡಿಲ ಅಥವಾ ಕೇಬಲ್ ಜಖಂ. 'ನೋ ಸಿಗ್ನಲ್' ಬಂದರೆ ಆಂಟೆನಾ ಸರಿಯಿದೆ, ಆಕಾಶ ಕಾಣುತ್ತಿಲ್ಲ. ಎರಡನ್ನೂ ಒಂದೇ ಎಂದುಕೊಂಡು ಹೊಸ ಆಂಟೆನಾ ಕೊಳ್ಳುವವರಿದ್ದಾರೆ. ಚಾವಣಿಯಲ್ಲಿ ಶಾರ್ಕ್‌ಫಿನ್ (ಮೀನಿನ ರೆಕ್ಕೆಯಾಕಾರದ ಆಂಟೆನಾ) ಇದ್ದು ರೇಡಿಯೋ ಹಿಂದೆ ಮಾಸಲು ಹಳದಿ ಬಣ್ಣದ ಫಾಕ್ರಾ (ಕಾರಿನ ಆಂಟೆನಾಗಳಿಗೆ ಬಳಸುವ ಬಗೆಯ) ಪ್ಲಗ್ ಸಿಕ್ಕರೆ ಅದು ಬಹುಮಟ್ಟಿಗೆ ಸ್ಯಾಟಲೈಟ್ ಆಂಟೆನಾದ್ದೇ. ಫಾಕ್ರಾದಿಂದ ಎಸ್‌ಎಂಬಿಗೆ (ಡಾಕ್‌ಗೆ ಹೊಂದುವ ಆಂಟೆನಾ ಪ್ಲಗ್) ಬದಲಿಸುವ ತುಂಡು ಕೇಬಲ್ ಹಾಕಿದರೆ ಮೇಲಿನ ಪರಿಶ್ರಮವೇ ಉಳಿಯಿತು.

ಪವರ್ ವಿಷಯ: ಈಗಿನ ಡಾಕ್‌ಗಳು 5 ವೋಲ್ಟಿನವು. ಫ್ಯೂಸ್ ಬಾಕ್ಸಿನಿಂದ 12 ವೋಲ್ಟ್ ನೇರ ಕೊಟ್ಟರೆ ಡಾಕ್ ಸುಟ್ಟಂತೆಯೇ. ಸಿಗರೇಟ್ ಲೈಟರಿಗೆ ಹಾಕುವ ಜೊತೆಗಿನ ಅಡಾಪ್ಟರೇ ಸಾಕು. ತಂತಿ ಮುಚ್ಚಬೇಕೆಂದರೆ 12ರಿಂದ 5 ವೋಲ್ಟಿಗಿಳಿಸುವ ಕನ್ವರ್ಟರಿಗೆ ಫ್ಯೂಸ್ ಟ್ಯಾಪ್ (ಫ್ಯೂಸ್ ಇರುವ ಜಾಗದಿಂದ ಇನ್ನೊಂದು ತಂತಿ ತೆಗೆಯುವ ತುಂಡು) ಹಾಕಿ, 2 ಆಂಪಿಯರ್ ಫ್ಯೂಸ್ ಇಡಿ. ಕೀ ತಿರುಗಿಸಿದಾಗ 12, ತೆಗೆದಾಗ ಸೊನ್ನೆ ತೋರಿಸುವ ಜಾಗವನ್ನು ಮಲ್ಟಿಮೀಟರಿನಲ್ಲಿ ಹುಡುಕಿಕೊಳ್ಳಿ.

ಎಂಜಿನ್ ವೇಗ ಏರಿದಂತೆ 'ಕುಂಯ್' ಎನ್ನುವ ಸದ್ದೂ ಏರಿದರೆ ಅದು ಗ್ರೌಂಡ್ ಲೂಪ್, ಅಂದರೆ ಪವರ್ ಮತ್ತು ಆಡಿಯೋ ತಂತಿ ಎರಡೂ ಕಾರಿನ ಗ್ರೌಂಡಿಗೆ ಸೇರಿ ಆಗುವ ಗದ್ದಲ. ಅದೇ ಆಕ್ಸ್ ಕೇಬಲ್ಲಿಗೆ ಚಾರ್ಜರಿಗೆ ಹಾಕದ ಫೋನು ಹಚ್ಚಿ ನೋಡಿ. ಸದ್ದು ಹೋದರೆ ದೋಷ ಕೇಬಲ್ಲಿನದಲ್ಲ, ಪವರಿನದು. ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿದರೆ ನಿಲ್ಲುತ್ತದೆ, ಆದರೆ ತೀರಾ ಅಗ್ಗದ್ದು ಬಾಸ್ ನುಂಗುತ್ತದೆ. ಹಾಗೇ ಡಾಕ್‌ನ ಆಡಿಯೋ ಮಟ್ಟವನ್ನು ಎಫ್‌ಎಂಗೆ ಸಮನಾಗಿ ಇಳಿಸಿಕೊಳ್ಳಿ, ಪೂರ್ತಿ ಏರಿಸಿದರೆ ಗಂಟಲು ಕಟ್ಟಿದಂತೆ ಕೇಳುತ್ತದೆ.

ಚಂದಾ ಶುರು ಮಾಡುವಾಗ ಕಾರು ಬಯಲಲ್ಲಿರಲಿ, ರೇಡಿಯೋ ಆನ್ ಇರಲಿ. ಅನುಮತಿ ಬರುವುದೂ ಉಪಗ್ರಹದಿಂದಲೇ. ರೇಡಿಯೋ ಐಡಿ 0ನೇ ಚಾನೆಲಿನಲ್ಲಿ ಸಿಗುತ್ತದೆ. ಅದರಲ್ಲಿ ಇಂಗ್ಲಿಷಿನ ಐ, ಓ, ಎಸ್, ಎಫ್ ಅಕ್ಷರಗಳು ಇರುವುದಿಲ್ಲ, ಐ, ಓ, ಎಸ್‌ನಂತೆ ಕಂಡದ್ದನ್ನು 1, 0, 5 ಎಂದೇ ಓದಿ ಹೇಳಿ.