ಧೈರ್ಯ ಹೇಳಬೇಡಿ, ಜೊತೆಗೆ ಹೋಗಿ

ಗಂಡ ತೀರಿಕೊಂಡ ಮನೆಗೋ, ಗಂಡ ಬಿಟ್ಟುಹೋದ ಮನೆಗೋ ಹೋದಾಗ ನಮ್ಮ ಜನ ಹೇಳುವ ಮಾತು ಒಂದೇ: "ಧೈರ್ಯ ತಗೋ." ನನಗೂ ಬೇಕಾದಷ್ಟು ಜನ ಹೇಳಿದ್ದರು. ನಾನು ಕುಂದಾಪುರದ ಕಡೆಯವಳು. ಮದುವೆಯಾಗಿ ಬಂದದ್ದು ಮುಂಬೈಗೆ, ಘಾಟ್‌ಕೋಪರಿನ ಚಾಳಿಗೆ, ಅಂದರೆ ಸಾಲುಮನೆಗೆ. ಗಂಡ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಅವರು ತೀರಿಕೊಂಡ ಮೇಲೆ ಡಬ್ಬದ ಅಡುಗೆ ಮಾಡಿ, ಅಂದರೆ ಊಟ ಕಟ್ಟಿ ಮಾರಿ, ಮಕ್ಕಳನ್ನು ಓದಿಸಿದೆ. ಈಗ ನಮ್ಮ ಭಜನಾ ಮಂಡಳಿಯ ಕೆಲವರು ಸೇರಿ ಇಂಥ ಕಷ್ಟಕ್ಕೆ ಸಿಕ್ಕಿದ ಹೆಂಗಸರ ಜೊತೆ ಓಡಾಡುತ್ತೇವೆ. ಸಂಘ ಅಂತ ಹೆಸರಿಲ್ಲ, ಬೋರ್ಡೂ ಇಲ್ಲ. "ನಮ್ಮ ಏರಿಯಾದಲ್ಲೂ ಹೀಗೆ ಮಾಡಬೇಕು, ಎಲ್ಲಿಂದ ಶುರು ಮಾಡೋದು?" ಅಂತ ಕೇಳುವವರಿಗೆ ಇದು.

ಮೊದಲ ದಿನ ಅವಳ ಕಥೆ ಕೇಳಬೇಡಿ. ಅದನ್ನು ಆಗಲೇ ಹತ್ತು ಜನಕ್ಕೆ ಹೇಳಿ ಸುಸ್ತಾಗಿರುತ್ತಾಳೆ. ಮನೆಯಲ್ಲಿ ಅಕ್ಕಿ, ಗ್ಯಾಸ್ ಇದೆಯಾ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರಾ, ಅವಳ ಫೋನಿಗೆ ರೀಚಾರ್ಜ್ ಇದೆಯಾ ನೋಡಿ. ಫೋನ್ ಸತ್ತಿದ್ದರೆ ಅವಳು ಈ ಊರಲ್ಲಿ ಒಬ್ಬಂಟಿ. ಊರಿಂದ ಅಮ್ಮ ಮಾಡುವ ಒಂದು ಫೋನೂ ಬರುವುದಿಲ್ಲ.

ಹೊಡೆತದ ಮನೆಯಾದರೆ ಕೇಳಬೇಕಾದ ಪ್ರಶ್ನೆ ಬೇರೆ: "ಇವತ್ತು ರಾತ್ರಿ ಇಲ್ಲಿ ಮಲಗೋಕೆ ಹೆದರಿಕೆ ಇದೆಯಾ?" ಇದೆ ಅಂದರೆ 112ಕ್ಕೆ ಫೋನ್ ಮಾಡಬಹುದು. ಮಹಿಳೆಯರಿಗೆ ಅಂತಲೇ ಇರುವ 181 ಕೂಡ ಇದೆ. ಪೆಟ್ಟಾಗಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಹೇಗಾಯಿತು ಅಂತ ನಿಜ ಹೇಳಿ ಬರೆಸಿ. ಮೆಟ್ಟಿಲಿಂದ ಬಿದ್ದೆ ಅಂತ ಬರೆಸಿದರೆ ಮುಂದೆ ಕೋರ್ಟಿನಲ್ಲಿ ಆ ಮೆಟ್ಟಿಲೇ ಅಡ್ಡ ಬರುತ್ತದೆ. ಪೊಲೀಸ್ ಸ್ಟೇಷನ್ ಅಂದರೆ ನಮ್ಮವರಿಗೆ ಭಯ, ಗೊತ್ತು. ಆದರೆ ಮುಂಬೈ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು 1984ರಲ್ಲೇ ಹೆಂಗಸರು ಮಕ್ಕಳಿಗಾಗಿ ಸ್ಪೆಷಲ್ ಸೆಲ್ ಶುರು ಮಾಡಿದರು. ಈಗ ಮಹಾರಾಷ್ಟ್ರದ ಬೇರೆ ಊರುಗಳಲ್ಲೂ ಇವೆ. ಅಲ್ಲಿ ಕೂತಿರುವವರು ಯೂನಿಫಾರ್ಮ್ ಹಾಕಿದವರಲ್ಲ, ಸಮಾಜ ಕಾರ್ಯಕರ್ತರು. ಮೊದಲು ಅಲ್ಲಿ ಹೋಗಿ ಮಾತಾಡಿದರೆ ಅರ್ಧ ಭಯ ಇಳಿಯುತ್ತದೆ.

"ಮನೆ ಬಿಟ್ಟು ಬಾ" ಅಂತಲೂ ಹೇಳಬೇಡಿ, "ಹೊಂದಿಕೊಂಡು ಹೋಗು" ಅಂತಲೂ ಹೇಳಬೇಡಿ. ಅದು ಅವಳು ತೀರ್ಮಾನ ಮಾಡಬೇಕಾದದ್ದು. ಒಂದು ವಿಷಯ ಮಾತ್ರ ತಿಳಿಸಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕು ಅವಳಿಗಿದೆ. ರೂಮು ಬಾಡಿಗೆಯದ್ದಾದರೂ, ಕಾಗದದಲ್ಲಿ ಅವಳ ಹೆಸರು ಇಲ್ಲದಿದ್ದರೂ ಆ ಹಕ್ಕು ಇದೆ. ಮನೆ ಅತ್ತೆ-ಮಾವನ ಹೆಸರಿನಲ್ಲಿದೆ ಅನ್ನುವ ಒಂದೇ ಕಾರಣಕ್ಕೆ ಅದು ಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಬಾಗಿಲ ಹೊರಗೆ ತಳ್ಳಿಸಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ಕೂತವಳಿಗೆ ಇದು ಗೊತ್ತಿರುವುದೇ ಇಲ್ಲ.

ಅವಳ ಫೋನನ್ನು ಗಂಡ ನೋಡುತ್ತಾನಾ ಕೇಳಿ. ನೋಡುತ್ತಾನಾದರೆ ಮೆಸೇಜ್ ಬೇಡ. ಆಧಾರ್, ಮಕ್ಕಳ ಜನನ ಪ್ರಮಾಣಪತ್ರ, ಪಾಸ್‌ಬುಕ್, ರೇಷನ್ ಕಾರ್ಡ್, ಎಲ್ಲದರ ಜೆರಾಕ್ಸ್ ತೆಗೆದು ಒಂದು ಚೀಲದಲ್ಲಿ ಹಾಕಿ ಬೇರೆ ಯಾರದ್ದಾದರೂ ಮನೆಯಲ್ಲಿ ಇಡಿ. ನಮ್ಮಲ್ಲಿ ಒಬ್ಬರ ಮನೆಯ ಮಂಚದ ಕೆಳಗೆ ಇಂಥ ಚೀಲಗಳೇ ತುಂಬಿವೆ. ಅವರ ಯಜಮಾನರು "ಇದೇನು ತಹಶೀಲ್ದಾರ್ ಆಫೀಸಾ?" ಅಂತ ಕೇಳುತ್ತಿರುತ್ತಾರೆ.

ಇನ್ನು ಕಾಗದಪತ್ರ. ನನ್ನ ಕೇಳಿದರೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡಬೇಕಾದದ್ದು ಇಲ್ಲೇ. ಇಲ್ಲಿ ದುಡ್ಡು ಇರುತ್ತದೆ, ಅವಳಿಗೇ ಗೊತ್ತಿರುವುದಿಲ್ಲ.

ಗಂಡ ತೀರಿಕೊಂಡಿದ್ದರೆ ಹದಿಮೂರನೇ ದಿನ ಮುಗಿಯುವ ತನಕ ಯಾವ ಕಾಗದಕ್ಕೂ ಸಹಿ ಹಾಕಬೇಡ ಅನ್ನಿ. ಊರಿಂದ ಬಂದ ನೆಂಟರಲ್ಲಿ ಯಾರೋ ಒಬ್ಬರ ಬ್ಯಾಗಿನಲ್ಲಿ ಸ್ಟ್ಯಾಂಪ್ ಪೇಪರ್ ಇದ್ದೇ ಇರುತ್ತದೆ, "ಸುಮ್ನೆ ಒಂದು ಸಹಿ, ಫಾರ್ಮಾಲಿಟಿ ಅಷ್ಟೆ" ಅಂತ. ಉಯಿಲು ಇಲ್ಲದೆ ಹಿಂದೂ ಗಂಡಸು ತೀರಿಕೊಂಡರೆ ಅವನ ಆಸ್ತಿಯಲ್ಲಿ ಹೆಂಡತಿ, ಮಕ್ಕಳು, ಅವನ ತಾಯಿ, ಎಲ್ಲರಿಗೂ ಸಮಪಾಲು. ಬ್ಯಾಂಕಿನಲ್ಲಿ ಭಾವನ ಹೆಸರು ನಾಮಿನಿ ಅಂತ ಇದ್ದರೆ ಹಣ ಭಾವನದ್ದಾಗುವುದಿಲ್ಲ. ಅವರು ಅದನ್ನು ತೆಗೆದು ವಾರಸುದಾರರಿಗೆ ಕೊಡಬೇಕಾದವರು ಅಷ್ಟೆ. ಕಾಗದ ಮರಾಠಿಯಲ್ಲಿದ್ದರೆ ಇನ್ನೂ ಹುಷಾರು. ಹಿಂದಿ ಓದಲು ಬಂದರೆ ಅಕ್ಷರ ಗೊತ್ತಾಗುತ್ತದೆ, ಕಾನೂನಿನ ಮರಾಠಿ ಗೊತ್ತಾಗುವುದಿಲ್ಲ. ಯಾರಾದರೂ ಗಟ್ಟಿಯಾಗಿ ಓದಿ ಹೇಳಲಿ.

ಮರಣ ಪ್ರಮಾಣಪತ್ರದ ಪ್ರತಿಗಳನ್ನು ಒಂದೇ ಸಲ ಜಾಸ್ತಿ ತೆಗೆದುಕೊಳ್ಳಿ. ಎಲ್ಲ ಆಫೀಸಿನವರೂ ಒಂದೊಂದು ಇಟ್ಟುಕೊಳ್ಳುತ್ತಾರೆ. ಆಮೇಲೆ ಗಂಡನ ಪಾಸ್‌ಬುಕ್ ಎಂಟ್ರಿ ಮಾಡಿಸಿ, ಮೇ-ಜೂನ್ ತಿಂಗಳ ಸಾಲುಗಳನ್ನು ಬೆರಳಿಟ್ಟು ನೋಡಿ. 436 ರೂಪಾಯಿ ಕಡಿತವಾಗಿದೆಯಾ? ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆ, 2 ಲಕ್ಷ ಬರುತ್ತದೆ. 20 ರೂಪಾಯಿ ಕಡಿತವಾಗಿದ್ದರೆ ಸುರಕ್ಷಾ ವಿಮೆ, ಅಪಘಾತದಲ್ಲಿ ತೀರಿಕೊಂಡಿದ್ದರೆ ಅದರಿಂದಲೂ 2 ಲಕ್ಷ. ಖಾತೆ ತೆರೆಯುವಾಗ ಎಲ್ಲೋ ಟಿಕ್ ಹಾಕಿ ಮರೆತಿರುತ್ತಾರೆ. ಬ್ಯಾಂಕಿನವರು ತಾವಾಗಿ ಕರೆದು ಕೊಡುವುದಿಲ್ಲ, ನಾವೇ ಕ್ಲೇಮ್ ಹಾಕಬೇಕು.

ಕೆಲಸದ ಕಡೆ ಪಿಎಫ್ ಕಟ್ಟುತ್ತಿದ್ದರಾ ಕೇಳಿ. ಕಟ್ಟುತ್ತಿದ್ದರೆ ಆ ಹಣದ ಜೊತೆ ಹೆಂಡತಿಗೆ ಪಿಂಚಣಿ ಇದೆ. ಎರಡು ಮಕ್ಕಳಿಗೆ 25 ವರ್ಷ ತುಂಬುವವರೆಗೆ ಬೇರೆ ಇದೆ. ಇಡಿಎಲ್‌ಐ ಅನ್ನುವ ವಿಮೆಯಿಂದ ಗರಿಷ್ಠ 7 ಲಕ್ಷದವರೆಗೆ ಬರಬಹುದು, ಅದಕ್ಕೆ ಕೆಲಸಗಾರನ ಸಂಬಳದಿಂದ ಒಂದು ಪೈಸೆಯೂ ಕಟ್ಟಾಗಿರುವುದಿಲ್ಲ. ಗ್ರಾಚ್ಯುಯಿಟಿಗೆ ಐದು ವರ್ಷ ಕೆಲಸ ಮಾಡಿರಬೇಕು ಅಂತಾರಲ್ವಾ, ಸಾವಾದಾಗ ಆ ಐದು ವರ್ಷದ ಲೆಕ್ಕ ಇಲ್ಲ. ನನ್ನವರು ಕೆಲಸ ಮಾಡಿದ ಜಾಗದಲ್ಲಿ "ನಮ್ಮಲ್ಲಿ ಅಂಥದ್ದೇನೂ ಇಲ್ಲ" ಅಂದುಬಿಟ್ಟಿದ್ದರು. ಸಂಬಳದ ಹಳೇ ಚೀಟಿ ತೋರಿಸಿದ ಮೇಲೆ ನೆನಪಾಯಿತು ಅವರಿಗೆ. ಹಾಗಾಗಿ ಗಂಡನ ಹಳೇ ಶರ್ಟಿನ ಜೇಬಿನಲ್ಲಿ ಸಿಕ್ಕಿದ ಚೀಟಿಯನ್ನೂ ಎಸೆಯಬೇಡಿ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅನ್ನುವ ಚಿಂತೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ ಉಚಿತ ವಕೀಲರ ಹಕ್ಕಿದೆ. ಆದಾಯ ಎಷ್ಟಿದ್ದರೂ ಸರಿ. 15100ಕ್ಕೆ ಫೋನ್ ಮಾಡಿ, ಇಲ್ಲವೇ ಕೋರ್ಟಿನಲ್ಲೇ ಇರುವ ಕಾನೂನು ನೆರವಿನ ಕಚೇರಿ ಕೇಳಿ. ವಿಧವೆಯರಿಗೆ, ಗಂಡ ಬಿಟ್ಟವರಿಗೆ ಮಹಾರಾಷ್ಟ್ರ ಸರ್ಕಾರದ ಸಂಜಯ್ ಗಾಂಧಿ ನಿರಾಧಾರ ಯೋಜನೆಯೂ ಇದೆ. ಅರ್ಜಿ ತಹಶೀಲ್ದಾರ್ ಕಚೇರಿಗೆ. ಬಹಳ ವರ್ಷ ಈ ರಾಜ್ಯದಲ್ಲಿದ್ದೇವೆ ಅನ್ನುವ ದಾಖಲೆ ಕೇಳುತ್ತಾರೆ. ಮಗುವಿನ ಮುನಿಸಿಪಲ್ ಕನ್ನಡ ಶಾಲೆಯ ಸರ್ಟಿಫಿಕೇಟು, ಹಳೇ ಲೈಟ್ ಬಿಲ್ಲು, ಇಂಥದ್ದನ್ನೆಲ್ಲ ಮೊದಲೇ ಹುಡುಕಿಡಿ.

ಇಷ್ಟು ಹೇಳಿದ ಮೇಲೆ ಮುಖ್ಯ ಮಾತಿಗೆ ಬರುತ್ತೇನೆ. ಈ ಕೆಲಸ ಯಾವುದನ್ನೂ ನೀವು ಮಾಡಿಕೊಡಬೇಡಿ. ಜೊತೆಗೆ ಹೋಗಿ, ಬಾಯಿ ಮುಚ್ಚಿಕೊಂಡು ನಿಲ್ಲಿ. ಇದು ಬಹಳ ಕಷ್ಟ. ಕೌಂಟರಿನಲ್ಲಿರುವವನು ಅವಳನ್ನು ಬಿಟ್ಟು ನಿಮ್ಮ ಮುಖ ನೋಡಿ ಮಾತಾಡುತ್ತಾನೆ. ನಾನು ಆಗ ಫ್ಯಾನ್ ನೋಡುತ್ತಾ ನಿಲ್ಲುತ್ತೇನೆ. ಅವನಿಗೆ ಬೇರೆ ದಾರಿ ಇಲ್ಲದೆ ಅವಳನ್ನೇ ಕೇಳುತ್ತಾನೆ. ಅವಳು ತಡವರಿಸುತ್ತಾಳೆ, ಹಿಂದಿ ಕನ್ನಡ ಎಲ್ಲ ಬೆರೆಸುತ್ತಾಳೆ. ಹಿಂದಿನ ಸಾಲಿನವರು ಗೊಣಗುತ್ತಾರೆ. ಗೊಣಗಲಿ. ಹಿಂದಿನ ರಾತ್ರಿ ಮನೆಯಲ್ಲಿ ಒಂದು ಸಲ ಅಭ್ಯಾಸ ಮಾಡಿಸಿ. ನೀವು ಕ್ಲರ್ಕ್ ಆಗಿ, ಬೇಕೆಂದೇ ಸ್ವಲ್ಪ ಸಿಡುಕಿ. ನಗು ಬರುತ್ತದೆ, ಆದರೆ ಮಾರನೇ ದಿನ ಅದೇ ಕೆಲಸಕ್ಕೆ ಬರುತ್ತದೆ. ಮೊದಲ ಫಾರ್ಮ್ ಇಬ್ಬರೂ ಕೂತು ತುಂಬಿ. ಎರಡನೆಯದನ್ನು ಅವಳೇ ತುಂಬಲಿ, ನೀವು ತಪ್ಪು ನೋಡಿ. ಮೂರನೆಯ ಸಲ ಅವಳು ಬೇರೆ ಯಾರನ್ನಾದರೂ ಕರೆದುಕೊಂಡು ಹೋಗಲಿ.

ಲೋಕಲ್ ರೈಲೂ ಹಾಗೆಯೇ. ಎಷ್ಟೋ ವರ್ಷದಿಂದ ಮುಂಬೈಯಲ್ಲಿದ್ದೂ ಒಬ್ಬಳೇ ರೈಲು ಹತ್ತದ ಹೆಂಗಸರಿದ್ದಾರೆ. ಗಂಡನ ಹಿಂದೆ ಹತ್ತಿ, ಗಂಡನ ಹಿಂದೆ ಇಳಿದವರು. ಬೆಳಿಗ್ಗೆ ಒಂಬತ್ತಕ್ಕೆ ದಾದರಿನಲ್ಲಿ ಇಳಿಸಿ ಹೆದರಿಸಬೇಡಿ. ಭಾನುವಾರ ಮಧ್ಯಾಹ್ನ ಶುರು ಮಾಡಿ. ಮೊದಲು ಒಂದೇ ಡಬ್ಬಿ, ಆಮೇಲೆ ಅವಳು ಹಿಂದಿನ ಲೇಡೀಸ್ ಡಬ್ಬಿಯಲ್ಲಿ, ನೀವು ಮುಂದಿನದರಲ್ಲಿ. ಕುರ್ಲಾದಲ್ಲಿ ಸೇತುವೆ ಹತ್ತಿ ಹಾರ್ಬರ್ ಲೈನ್ ಹುಡುಕಿಕೊಂಡು ಹೋಗಲು ಬಂದರೆ ಅವಳು ಎಲ್ಲಿಗೆ ಬೇಕಾದರೂ ಹೋಗುತ್ತಾಳೆ. ಕೆಲಸದ ಸುದ್ದಿ, ಟೈಲರಿಂಗ್ ಆರ್ಡರು, ಬಾಡಿಗೆ ರೂಮು, ಎಲ್ಲ ಸಿಗುವುದು ಆ ಲೇಡೀಸ್ ಡಬ್ಬಿಯಲ್ಲೇ ಅಲ್ವಾ?

ಕೆಲಸದ ವಿಷಯಕ್ಕೆ ಬಂದರೆ ಎಲ್ಲರೂ "ಹಪ್ಪಳ ಮಾಡು, ಉಪ್ಪಿನಕಾಯಿ ಮಾಡು" ಅನ್ನುತ್ತಾರೆ. ಲಿಜ್ಜತ್ ಉದಾಹರಣೆ ಕೊಡುತ್ತಾರೆ. 1959ರ ಮಾರ್ಚ್ 15ರಂದು ಗಿರ್ಗಾಂವಿನ ತಾರಸಿಯ ಮೇಲೆ ಏಳು ಗುಜರಾತಿ ಹೆಂಗಸರು 80 ರೂಪಾಯಿ ಸಾಲ ಮಾಡಿ ಶುರು ಮಾಡಿದ್ದು ಎಲ್ಲರಿಗೂ ಗೊತ್ತು. ದಾನ ಬೇಡ, ಸಾಲ ಕೊಡಿ ಅಂದವರು ಅವರು. ಆದರೆ ಯಾರೂ ಗಮನಿಸದ ಒಂದು ವಿಷಯ ಇದೆ. ಅಲ್ಲಿ ಹಿಟ್ಟು ತೆಗೆದುಕೊಂಡು ಹೋಗಿ, ಮನೆಯಲ್ಲಿ ಲಟ್ಟಿಸಿ, ತಂದುಕೊಟ್ಟವರಿಗೆ ಮಜೂರಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಮಾರುವ ತಲೆನೋವು ಅವಳದಲ್ಲ. ಕಷ್ಟದಲ್ಲಿರುವವಳಿಗೆ ಮೊದಲು ಬೇಕಾದದ್ದು ಇಂಥ ಕೆಲಸ. ಸ್ವಂತ ಬಿಸಿನೆಸ್ ಅಂತ ಮೊದಲ ದಿನವೇ ಸಾಲಕ್ಕೆ ತಳ್ಳಬೇಡಿ. ನಾನೂ ಬೇರೊಬ್ಬರ ಡಬ್ಬದ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸಿ, ಸಂಜೆ ದುಡ್ಡು ಎಣಿಸಿ ಕಲಿತವಳು.

ಆರೇಳು ತಿಂಗಳು ಕಳೆದು, ತಾನೇ ಡಬ್ಬ ಮಾಡುತ್ತೇನೆ ಅಂದರೆ ಆಗ ಲೆಕ್ಕಕ್ಕೆ ಕೂರಿಸಿ. ನಮ್ಮ ಹೆಂಗಸರು ತರಕಾರಿ, ಎಣ್ಣೆ, ಅಕ್ಕಿ ಲೆಕ್ಕ ಹಾಕುತ್ತಾರೆ. ತಮ್ಮ ಮಜೂರಿ ಹಾಕುವುದಿಲ್ಲ, ಗ್ಯಾಸ್ ಮರೆಯುತ್ತಾರೆ. ವ್ಯಾಪಾರಕ್ಕೆ ಮನೆಯ 14.2 ಕಿಲೋ ಸಿಲಿಂಡರ್ ನಡೆಯುವುದಿಲ್ಲ, 19 ಕಿಲೋದ ಕಮರ್ಷಿಯಲ್ ಬೇಕು. ಆ ಬೆಲೆ ಹಾಕಿದ ಕೂಡಲೇ ಡಬ್ಬದ ರೇಟು ಬದಲಾಗುತ್ತದೆ. ಮನೆ ಅಡುಗೆ ಮಾರಲೂ ಎಫ್‌ಎಸ್‌ಎಸ್‌ಎಐ, ಅಂದರೆ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಅದಕ್ಕೆ ಸಾವಿರ ಕೇಳುವ ಏಜೆಂಟನ್ನು ಓಡಿಸಿ. ಸಾಲ ಬೇಕೇ ಬೇಕು ಅಂದರೆ ಬ್ಯಾಂಕಿನಿಂದ. ಪ್ರೇಮಾ ಪುರಾವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲ ಕಟ್ಟಿದ್ದೇ ಇದಕ್ಕೆ. ಗಿರಣಿ ಕಾರ್ಮಿಕರಿಗೆ ಊಟ ಹಾಕುತ್ತಿದ್ದ ಖಾನಾವಳಿ ಹೆಂಗಸರನ್ನು ಬಡ್ಡಿಯವರ ಕೈಯಿಂದ ಬಿಡಿಸಿ ಬ್ಯಾಂಕಿನ ಬಾಗಿಲಿಗೆ ಕರೆದೊಯ್ದರು. ಅವರೂ ಜೊತೆಗೆ ಹೋದವರೇ ನೋಡಿ.

ನಮ್ಮಲ್ಲಿ ಒಂದು ಭಿಶಿ, ಅಂದರೆ ಚೀಟಿ ಇದೆ. ಶನಿವಾರ ಭಜನೆ ಮುಗಿದ ಮೇಲೆ ದುಡ್ಡು ಹಾಕುತ್ತೇವೆ. ಪುಸ್ತಕ ಕನ್ನಡದಲ್ಲೇ. ದುಡ್ಡು ತೆಗೆದುಕೊಂಡವಳು ಪುಸ್ತಕದಲ್ಲಿ ತನ್ನ ಲೆಕ್ಕವನ್ನು ತಾನೇ ಬರೆಯಬೇಕು. ಬರೆಯಲು ಬಾರದವರಿಗೂ ವಿನಾಯಿತಿ ಇಲ್ಲ, ಕಲಿತು ಬರೆಯುತ್ತಾರೆ.

ಸಹಾಯ ಪಡೆದವಳು ಬೇಗ ಇನ್ನೊಬ್ಬಳಿಗೆ ಸಹಾಯ ಮಾಡುವಂತಾಗಬೇಕು. ಪೂರ್ತಿ ಚೇತರಿಸಿಕೊಳ್ಳಲಿ ಅಂತ ಕಾಯಬೇಡಿ. ಪಂಡಿತಾ ರಮಾಬಾಯಿ ನಮ್ಮ ಕಡೆಯ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದವರು. ಕ್ಷಾಮದಲ್ಲಿ ಅಪ್ಪ, ಅಮ್ಮ, ಅಕ್ಕನನ್ನು ಕಳೆದುಕೊಂಡರು. ಮದುವೆಯಾಗಿ ಎರಡು ವರ್ಷದೊಳಗೆ ಗಂಡನೂ ಹೋದ, ಕೈಯಲ್ಲಿ ಹಸುಗೂಸು. ಅವರೇ 1889ರಲ್ಲಿ ಇದೇ ಮುಂಬೈಯಲ್ಲಿ ವಿಧವೆಯರು ಓದಲು ಶಾರದಾ ಸದನ ಅನ್ನುವ ಶಾಲೆ ತೆರೆದರು. ಅಲ್ಲಿಗೆ ಮೊದಲು ಸೇರಿದ ವಿಧವೆ ಗೋದೂಬಾಯಿ. ಮುಂದೆ ಸಮಾಜ ಸುಧಾರಕ ಧೋಂಡೋ ಕೇಶವ ಕರ್ವೆಯವರನ್ನು ಮರುಮದುವೆಯಾಗಿ, ವಿಧವೆಯರ ಆಶ್ರಮಕ್ಕೆ ಊರೂರು ತಿರುಗಿ ಹಣ ಕೂಡಿಸಿದ ಆನಂದಿಬಾಯಿ ಕರ್ವೆ ಅವರೇ. ನಮ್ಮಲ್ಲಿ ಪಿಎಫ್ ಫಾರ್ಮಿನ ವಿಷಯಕ್ಕೆ ಈಗ ನನ್ನನ್ನು ಯಾರೂ ಕೇಳುವುದಿಲ್ಲ. ಹೋದ ವರ್ಷ ಅಳುತ್ತಾ ಬಂದ ಒಬ್ಬಳು ಅದರಲ್ಲಿ ಪಂಟಳಾಗಿದ್ದಾಳೆ.

ಹಳದಿ-ಕುಂಕುಮಕ್ಕೆ ಅವಳನ್ನು ಕರೆಯಿರಿ. ಬರಲು ಹಿಂಜರಿದರೆ ಒತ್ತಾಯ ಬೇಡ, ಆದರೆ ಕರೆಯದೆ ಇರಬೇಡಿ. ಅವಳ ಎದುರು "ಪಾಪ" ಅನ್ನುವ ಮಾತು ಬೇಡವೇ ಬೇಡ.

ಅಳು ಬರುವುದು ಬಹಳ ಸಲ ಎಲ್ಲ ಸರಿಯಾದ ಮೇಲೆ. ಕೆಲಸ ಸಿಕ್ಕಿ, ಫೀಸು ಕಟ್ಟಿ, ಒಂದು ದಿನ ಸುಮ್ನೆ ಕೂತಾಗ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ ಅಂದರೆ 14416ಕ್ಕೆ ಫೋನ್ ಮಾಡಿಸಿ. ಅದು ಟೆಲಿ ಮಾನಸ್, ಕನ್ನಡದಲ್ಲೂ ಮಾತಾಡಬಹುದು. ಸಾಯುತ್ತೇನೆ ಅಂದರೆ ನಾಟಕ ಅನ್ನಬೇಡಿ. ಆ ರಾತ್ರಿ ಅವಳೊಬ್ಬಳನ್ನೇ ಬಿಡಬೇಡಿ.

ನಿಮ್ಮ ಬಗ್ಗೆಯೂ ಹುಷಾರಾಗಿರಿ. ಹೊಡೆಯುವ ಗಂಡನ ಜೊತೆ ಮಾತಾಡಲು ಒಬ್ಬರೇ ಹೋಗಬೇಡಿ. ರಾಜಿ ಮಾಡಿಸಲಂತೂ ಹೋಗಲೇಬೇಡಿ. ಯಾರ ಸಾಲಕ್ಕೂ ಜಾಮೀನು ನಿಲ್ಲಬೇಡಿ. ಕೈಯಿಂದ ಕೊಡುವುದಾದರೆ ವಾಪಸ್ ಬರದಿದ್ದರೂ ನಡೆಯುವಷ್ಟು ಕೊಡಿ. ಒಬ್ಬ ಹೆಂಗಸಿಗೆ ನಿಮ್ಮಲ್ಲಿ ಇಬ್ಬರಾದರೂ ಗೊತ್ತಿರಲಿ, ಒಬ್ಬರು ಊರಿಗೆ ಹೋದರೆ ಇನ್ನೊಬ್ಬರು ಫೋನ್ ಎತ್ತಬೇಕು. ಮೇ ತಿಂಗಳಲ್ಲಿ ನಾವೆಲ್ಲ ಒಟ್ಟಿಗೇ ಊರಿಗೆ ಹೊರಡುತ್ತೇವಲ್ಲ, ಆಗ ಯಾರು ಮುಂಬೈಯಲ್ಲಿರುತ್ತಾರೆ ಅಂತ ಏಪ್ರಿಲ್‌ನಲ್ಲೇ ಮಾತಾಡಿಕೊಳ್ಳಿ.